ಚಾರ್ಮಾಡಿಯಲ್ಲಿ ನಾನು ದಾರಿ ತಪ್ಪಿದ ಬಗೆಗಳು

ನಾನು ಜಗಳೂರು ಕಡೆಯವನು. ನಮ್ಮಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನೋಡುತ್ತಾರೆ. ಮೂಡಿಗೆರೆಯಲ್ಲಿ ಮಳೆ ನಿಂತರೆ ಹೊರಗೆ ಬಂದು ನೋಡುತ್ತಾರೆ. ಇಷ್ಟೂ ತಿಳಿಯದೆ 2005ರ ಜೂನ್‌ನಲ್ಲಿ ಬ್ಯಾಂಕಿನ ವರ್ಗಾವಣೆ ಕಾಗದ, ಒಂದು ಟ್ರಂಕು, ಒಂದು ಮಡಚುವ ಕೊಡೆ ಹಿಡಿದುಕೊಂಡು ಆ ಊರಲ್ಲಿ ಇಳಿದೆ. ಕೊಡೆ ಮೊದಲ ವಾರವೇ ಮಗುಚಿಕೊಂಡು ಪ್ರಾಣ ಬಿಟ್ಟಿತು.

ಮೂಡಿಗೆರೆ ಎಂದಾಗ ನನಗೆ ಗೊತ್ತಿದ್ದದ್ದು ತೇಜಸ್ವಿಯವರ ಊರು ಎಂಬುದೊಂದೇ. ಕಾಲೇಜಿನಲ್ಲಿ ಅವರ ‘ಕರ್ವಾಲೊ’ ಕಾದಂಬರಿ ಓದಿ ಹುಚ್ಚು ಹತ್ತಿಸಿಕೊಂಡವರಲ್ಲಿ ನಾನೂ ಒಬ್ಬ. ಒಂದು ದಿನ ಹೋಗಿ ಮಾತಾಡಿಸಬೇಕು, ಇವತ್ತು ಬೇಡ, ಮುಂದಿನ ಭಾನುವಾರ ಎಂದು ಮುಂದೂಡುತ್ತಲೇ ಇದ್ದೆ. 2007ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಕೆಳಗಿನ ಪಾಠಗಳ ಪಟ್ಟಿಗೆ ಅದನ್ನು ಸೇರಿಸಿಲ್ಲ, ಯಾಕೆಂದರೆ ಅದರಿಂದ ನಾನು ಪಾಠವನ್ನೂ ಕಲಿಯಲಿಲ್ಲ, ಈಗಲೂ ಮುಂದೂಡುತ್ತೇನೆ.

ಆದರೆ ಚಾರ್ಮಾಡಿ ಘಾಟಿ ಮಾತ್ರ ಹಾಗೆ ಮುಂದೂಡಲು ಬಿಡಲಿಲ್ಲ. ಕೊಟ್ಟಿಗೆಹಾರ ದಾಟಿದೊಡನೆ ಮಂಗಳೂರು–ತುಮಕೂರು ಹೆದ್ದಾರಿ ನೆಲ ಬಿಟ್ಟು ಕೆಳಕ್ಕೆ ಧುಮುಕುತ್ತದೆ. ಈಗ ಅದಕ್ಕೆ 73 ಎಂಬ ಸಂಖ್ಯೆ, ಹಳಬರ ಬಾಯಲ್ಲಿ ಇನ್ನೂ 234. ಇಪ್ಪತ್ತು ಚಿಲ್ಲರೆ ಕಿ.ಮೀ. ತಿರುವುಗಳನ್ನು ಮುಗಿಸಿದರೆ ಘಟ್ಟದ ಕೆಳಗಿನ ಚಾರ್ಮಾಡಿ, ಅಲ್ಲಿಂದ ಉಜಿರೆ, ಧರ್ಮಸ್ಥಳ. ಈ ದಾರಿಯಲ್ಲಿ, ಅದರ ಎರಡೂ ಕಡೆಯ ಗುಡ್ಡಗಳಲ್ಲಿ ನಾನು ಹದಿನೈದು ವರ್ಷಕ್ಕೂ ಮೀರಿ ಅಲೆದಿದ್ದೇನೆ. ಬೇಕೆಂದೇ ‘ಅಲೆದಿದ್ದೇನೆ’ ಎಂದೆ. ಚಾರಣ ಮಾಡಿದ್ದೇನೆ ಎಂದರೆ ನನ್ನ ಜೊತೆ ಬಂದವರು ನಗುತ್ತಾರೆ.

1. ಎಷ್ಟು ದೂರ ಅಂತ ಕೇಳಬೇಡಿ, ಎಷ್ಟು ಹೊತ್ತು ಅಂತ ಕೇಳಿ.

ಮೊದಲ ಗುಡ್ಡ ಎತ್ತಿನ ಭುಜ. ಹೆಸರೇ ಅದರ ಚಿತ್ರ: ಮಲಗಿದ ಎತ್ತಿನ ಹಿಣಿಲಿನಂತೆ ಒಂದು ಬಂಡೆ ಆಕಾಶಕ್ಕೆ ಎದ್ದು ನಿಂತಿದೆ. ಘಟ್ಟದ ಕೆಳಗಿನ ಶಿಶಿಲದಿಂದ ಹತ್ತಬಹುದು ಎಂದು ಯಾರೋ ಹೇಳಿದರು. ನಾನೂ ನಮ್ಮ ಬ್ಯಾಂಕಿನ ಕ್ಯಾಷಿಯರೂ ಬೈಕ್ ಹತ್ತಿ ಹೊರಟೆವು. ಶಿಶಿಲದ ದೇವಸ್ಥಾನದಲ್ಲಿ ಕೈಮುಗಿದು, ಹೊಳೆಯ ಮೀನುಗಳಿಗೆ ಅರಳು ಹಾಕಿ, ತಿಂಡಿ ತಿಂದು ಮುಗಿಸುವಷ್ಟರಲ್ಲಿ ಹತ್ತೂವರೆ. ತೋಟದ ಅಂಚಿನಲ್ಲಿ ಅಡಿಕೆ ಹೆಕ್ಕುತ್ತಿದ್ದ ಅಜ್ಜರೊಬ್ಬರನ್ನು ಎಷ್ಟು ದೂರ ಎಂದು ಕೇಳಿದೆ.

“ಒಂಬತ್ತು ಕಿಲೋಮೀಟರ್ ಅಂತ ಹೇಳ್ತಾರೆ.”

“ಅಷ್ಟೇನಾ ಅಜ್ಜ?”

“ಹೋಗ್ಲಿಕ್ಕೆ ಎಂತ, ಹೋಗ್ಬಹುದು. ಬರ್ಲಿಕ್ಕೆ ಹೊತ್ತುಂಟಾ ನಿಮ್ಗೆ?”

ಜಗಳೂರಿನಲ್ಲಿ ಒಂಬತ್ತು ಕಿ.ಮೀ. ಎಂದರೆ ಸಂತೆಗೆ ಹೋಗಿ ಬರುವಷ್ಟು ದೂರ. ಎರಡು ಗಂಟೆ ಸಾಕು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲೇ ಇಂಥವರಿಗಾಗಿ ಒಂದು ಲೆಕ್ಕ ಬರೆದಿಟ್ಟಿದ್ದಾನೆ ಎಂದು ತಿಳಿದದ್ದು ಬಹಳ ವರ್ಷ ಬಿಟ್ಟು. ಐದು ಕಿ.ಮೀ. ನಡಿಗೆಗೆ ಒಂದು ಗಂಟೆ; ಅದರ ಮೇಲೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಎತ್ತಿನ ಭುಜದ ತುದಿ ಸುಮಾರು 1,300 ಮೀಟರ್ ಎತ್ತರದಲ್ಲಿದೆ, ಶಿಶಿಲ ಘಟ್ಟದ ಬುಡದಲ್ಲಿದೆ. ಅಂದರೆ ಗಟ್ಟಿ ಕಾಲಿನ ಸ್ಕಾಟ್ಲೆಂಡಿನವನಿಗೇ ನಾಲ್ಕು ಗಂಟೆ ಹತ್ತಿರ ಬೇಕು. ಅವನ ಲೆಕ್ಕದಲ್ಲಿ ಕುರ್ಚಿಯಲ್ಲಿ ಕೂತು ಬೆಳೆಸಿದ ಹೊಟ್ಟೆ ಸೇರಿಲ್ಲ. ನಮಗೆ ಆರು ಗಂಟೆ ಹಿಡಿಯಿತು. ಅರ್ಧ ದಾರಿಯಲ್ಲಿ ನೀರು ಖಾಲಿ, ಮುಕ್ಕಾಲು ದಾರಿಯಲ್ಲಿ ಹಬೆಯಾಡುವ ಆನೆ ಲದ್ದಿ. ಕ್ಯಾಷಿಯರ್ ಅದನ್ನು ನೋಡಿದವರೇ ನನಗಿಂತ ವೇಗವಾಗಿ ನಡೆಯತೊಡಗಿದರು.

ನಾಲ್ಕೂವರೆಗೆ, ನಾಲಗೆ ಹೊರಹಾಕಿಕೊಂಡು ತುದಿ ಮುಟ್ಟಿದರೆ ಅಲ್ಲಿ ಒಂದು ಸಂಸಾರ ಪುಳಿಯೋಗರೆ ತಿನ್ನುತ್ತಿತ್ತು. ಮೂರು ವರ್ಷದ ಮಗು ಬೇರೆ. ಆಚೆ ಬದಿಯ ಬೈರಾಪುರದವರೆಗೆ ಜೀಪಿನಲ್ಲಿ ಬಂದರೆ ಮೂರ್ನಾಲ್ಕು ಕಿ.ಮೀ. ನಡೆದರೆ ಸಾಕಂತೆ. ನಮ್ಮ ಅವಸ್ಥೆ ಕಂಡು ಆ ಯಜಮಾನರು ಪುಳಿಯೋಗರೆಯನ್ನೂ ಕೊಟ್ಟು, ಜೀಪಿನಲ್ಲಿ ಮೂಡಿಗೆರೆಗೂ ಬಿಟ್ಟರು. ಶಿಶಿಲದಲ್ಲಿ ನಿಂತಿದ್ದ ಬೈಕನ್ನು ಮರುದಿನ ರಜೆ ಹಾಕಿ, ಬಸ್ಸು ಬದಲಿಸಿ ಬದಲಿಸಿ ಹೋಗಿ ತಂದೆ. ಅಜ್ಜ ಅಲ್ಲೇ ಇದ್ದರು. ಏನೂ ಹೇಳಲಿಲ್ಲ, ಕುಡಿಯಲು ನೀರು ಬೆಲ್ಲ ಕೊಟ್ಟರು.

2. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ.

2008ರಲ್ಲಿ ಒಂದು ಹಳೆಯ ಮಾರುತಿ 800 ಕೊಂಡೆ. ಬಯಲುಸೀಮೆಯ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವುದು ನಮ್ಮ ಕಡೆ ಒಂದು ವಿದ್ಯೆ. ಅದೇ ವಿದ್ಯೆಯನ್ನು ಚಾರ್ಮಾಡಿಯಲ್ಲಿ ಪ್ರಯೋಗಿಸಿದೆ. ಹೆಂಡತಿ ಪಕ್ಕದಲ್ಲಿ, ಮಗಳು ಹಿಂದೆ. ಮೂರನೆಯ ಹಿಮ್ಮುರಿ ತಿರುವು ಕಳೆಯುವಷ್ಟರಲ್ಲಿ ರಬ್ಬರ್ ಸುಟ್ಟ ವಾಸನೆ. “ರೀ, ಯಾರೋ ಏನೋ ಸುಡ್ತಿದಾರೆ” ಎಂದಳು. ಸುಡುತ್ತಿದ್ದವನು ನಾನೇ. ಬ್ರೇಕ್ ಪೆಡಲ್ ಒದ್ದೆ ಹತ್ತಿಯ ಹಾಗೆ ಒಳಗೊಳಗೆ ಹೋಗತೊಡಗಿತು. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಹೇಗೋ ನಿಲ್ಲಿಸಿದೆ. ಹೇಗೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ, ಸ್ವಾಮಿಗೆ ಗೊತ್ತು.

ಆ ಗುಡಿಯ ಮುಂದೆ ಚಾಲಕರು ಕೈಮುಗಿದು, ಕಾಣಿಕೆ ಹಾಕಿ ಮುಂದೆ ಹೋಗುವ ರೂಢಿ. ಹಾಗೆ ನಿಂತಿದ್ದ ಲಾರಿ ಚಾಲಕರೊಬ್ಬರು ಬಂದು ಚಕ್ರದ ಹತ್ತಿರ ಮೂಗು ಹಿಡಿದರು. ಬೈಯಲಿಲ್ಲ. ಬ್ರೇಕ್ ಎಂದರೆ ಗಾಡಿಯ ಓಟವನ್ನೆಲ್ಲ ಬಿಸಿ ಮಾಡಿ ಬಿಡುವ ಯಂತ್ರ. ಬಿಡುವಿಲ್ಲದೆ ಒತ್ತಿದರೆ ಆ ಬಿಸಿ ಹೋಗಲು ಜಾಗವಿಲ್ಲದೆ ಎಣ್ಣೆಯೇ ಕುದಿಯುತ್ತದೆ, ಆಮೇಲೆ ಪೆಡಲ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ನನ್ನ ಮಗಳಿಗೂ ಅರ್ಥವಾಗುವ ಹಾಗೆ ಹೇಳಿದರು. “ಎರಡನೇ ಗೇರ್ ಹಾಕಿ ಕಾಲು ತೆಗೀರಿ ಸಾರ್, ಇಂಜಿನ್ನೇ ಹಿಡ್ಕೊಳ್ಳುತ್ತೆ.” ಮುಕ್ಕಾಲು ಗಂಟೆ ಕಾರು ತಣಿಯಲು ಬಿಟ್ಟೆವು. ಕಿರಿದಾದ ಜಾಗದಲ್ಲಿ ಇಳಿಯುವ ಗಾಡಿ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು ಎಂಬುದನ್ನೂ ಅವರೇ ಹೇಳಿದರು. ಅದು ಬರೀ ದಾಕ್ಷಿಣ್ಯವಲ್ಲ, ಮೋಟಾರು ವಾಹನ ಕಾನೂನಿನಲ್ಲೇ ಬರೆದಿದೆ. ಹತ್ತು ವರ್ಷದಿಂದ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡವನಿಗೆ ಇದು ಹೊಸ ಸುದ್ದಿ.

3. ತಿರುವಿನಲ್ಲಿ ನಿಲ್ಲಿಸಿ ಫೋಟೋ ತೆಗೆಯಬೇಡಿ.

ಜುಲೈ ತಿಂಗಳು. ಬಂಡೆಯಿಂದ ರಸ್ತೆಗೇ ನೀರು ಸುರಿಯುತ್ತಿತ್ತು. ಮಂಜು ಎಷ್ಟಿತ್ತೆಂದರೆ ನನ್ನ ಕಾರಿನ ಮೂತಿ ನನಗೇ ಕಾಣುತ್ತಿರಲಿಲ್ಲ. ಇಂಥ ಚಿತ್ರ ಮತ್ತೆ ಸಿಗುವುದಿಲ್ಲ ಎಂದು ತಿರುವಿನ ಒಳಗೇ ನಿಲ್ಲಿಸಿ, ಹೈಬೀಮ್ ಉರಿಸಿಟ್ಟು, ಇಳಿದು ಕ್ಯಾಮೆರಾ ಒರೆಸುತ್ತಿದ್ದೆ. ಕಿರ್ರ್ ಎಂದು ಬಸ್ಸೊಂದು ಮಾರು ದೂರದಲ್ಲಿ ನಿಂತಿತು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಬಹಳ ಸಮಾಧಾನದಲ್ಲಿ ಹೇಳಿದ: “ನಾಳೆ ಪೇಪರಲ್ಲಿ ಫೋಟೋ ಬರ್ತದೆ ಮಾರಾಯ್ರೆ. ಆದ್ರೆ ನೀವು ತೆಗ್ದದ್ದಲ್ಲ, ನಿಮ್ದು.”

ನಾವು ಮಂಜು ಎನ್ನುವುದು ಇಲ್ಲಿ ಬಹುಪಾಲು ಮೋಡವೇ. ಅರಬ್ಬಿ ಸಮುದ್ರದಿಂದ ಬಂದ ಒದ್ದೆ ಗಾಳಿಗೆ ಮೊದಲು ಸಿಗುವ ಗೋಡೆ ಈ ಘಟ್ಟ. ಗೋಡೆ ಹತ್ತುತ್ತ ತಣ್ಣಗಾಗಿ ಅಲ್ಲೇ ಮೋಡವಾಗುತ್ತದೆ. ಹಾಗಾಗಿ ಕೆಳಗೆ ಚಾರ್ಮಾಡಿಯಲ್ಲಿ ಬಿಸಿಲಿದ್ದರೂ ಮೇಲೆ ಕೊಟ್ಟಿಗೆಹಾರದಲ್ಲಿ ದೀಪ ಹಚ್ಚಿಕೊಂಡು ಓಡಾಡುವ ದಿನಗಳಿವೆ. ಮೋಡದೊಳಗೆ ಹೈಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ದೀಪ ತಗ್ಗಿಸಬೇಕು, ರಸ್ತೆಯ ಅಂಚಿನ ಬಿಳಿ ಗೆರೆ ಹಿಡಿಯಬೇಕು, ಪ್ರತಿ ತಿರುವಿಗೂ ಹಾರ್ನ್ ಕೊಡಬೇಕು. ಆ ದಿನದ ಫೋಟೋ ನನ್ನ ಹತ್ತಿರ ಇನ್ನೂ ಇದೆ. ಪೂರ್ತಿ ಬಿಳಿ, ಮೂಲೆಯಲ್ಲಿ ನನ್ನ ಹೆಬ್ಬೆರಳು.

4. ಇಂಬಳಕ್ಕೆ ನಿಮ್ಮ ಪ್ಯಾಂಟಿನ ಬ್ರ್ಯಾಂಡ್ ಗೊತ್ತಾಗುವುದಿಲ್ಲ.

ದುಡ್ಡು ಸುರಿದು ಬೆಂಗಳೂರಿನಿಂದ ಇಂಬಳದ ಕಾಲುಚೀಲ ತರಿಸಿದೆ. ಅದನ್ನು ಪ್ಯಾಂಟಿನ ಒಳಗೆ ಹಾಕುವುದೋ ಹೊರಗೆ ಹಾಕುವುದೋ ಗೊತ್ತಾಗದೆ ಒಳಗೆ ಹಾಕಿದೆ. ಇಂಬಳಗಳು ಪ್ಯಾಂಟಿನ ಹೊರಗೆ ಹತ್ತಿ, ಸೊಂಟದಲ್ಲಿ ಒಳದಾರಿ ಹುಡುಕಿಕೊಂಡವು. ಎಲ್ಲಿ ಕಚ್ಚಿದವು ಎಂದು ಬರೆದರೆ ಸಂಪಾದಕರು ತೆಗೆದುಹಾಕುತ್ತಾರೆ. ಗಾಬರಿಯಲ್ಲಿ ಕಿತ್ತೆಳೆದೆ, ಗಾಯ ವಾರಗಟ್ಟಲೆ ತುರಿಸಿತು. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥವಿದೆ. ಹಾಗಾಗಿ ಇಂಬಳ ಬಿದ್ದುಹೋದ ಮೇಲೂ ರಕ್ತ ಜಿನುಗುತ್ತಲೇ ಇರುತ್ತದೆ, ಹೆದರಬೇಕಿಲ್ಲ. ತೋಟದ ಕೆಲಸದ ಹೆಂಗಸರು ಹೊಗೆಸೊಪ್ಪು ಸುಣ್ಣ ಕಲಸಿ ಬಟ್ಟೆಯಲ್ಲಿ ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡಿರುತ್ತಾರೆ. ಮುಟ್ಟಿಸಿದರೆ ಉದುರುತ್ತದೆ. ಆಗ ಅದರ ಖರ್ಚು ಐದು ರೂಪಾಯಿ.

5. ದಾರಿ ತಪ್ಪಿದಾಗ ನಿಮ್ಮೂರಿನ ಜಾಣತನವನ್ನು ಹೊರಗೆ ತೆಗೆಯಬೇಡಿ.

ಇದೊಂದನ್ನು ಮಾತ್ರ ನಗುತ್ತ ಬರೆಯಲಾರೆ.

ಅಕ್ಟೋಬರ್ ಕೊನೆ. ನಾನು, ಕ್ಯಾಷಿಯರ್, ಅವರ ತಂಗಿಯ ಮಗ, ಮೂವರು. ಪಿಯುಸಿ ಓದುತ್ತಿದ್ದ ಆ ಹುಡುಗನಿಗೆ ಬಲ್ಲಾಳರಾಯನ ದುರ್ಗ ತೋರಿಸುತ್ತೇನೆ ಎಂದು ಮುಂದಾಳಾದವನು ನಾನೇ, ಎರಡು ಸಲ ಹೋಗಿ ಬಂದವನು ಎಂಬ ಗತ್ತಿನಲ್ಲಿ. ಸುಂಕಸಾಲೆ ಕಡೆಯ ದುರ್ಗದಹಳ್ಳಿಯಿಂದ ಹೊರಟು, ಕಾಡು ದಾಟಿ, ಹುಲ್ಲಿನ ಗುಡ್ಡ ಹತ್ತಿ, ಹನ್ನೊಂದಕ್ಕೆಲ್ಲ ಕೋಟೆ ತಲುಪಿದೆವು. ಹೊಯ್ಸಳರ ಕಾಲದ್ದು ಎನ್ನುವ ಆ ಕೋಟೆಯಲ್ಲಿ ಈಗ ಉಳಿದಿರುವುದು ಕಲ್ಲಿನ ಗೋಡೆ, ಬಿದ್ದ ಬಾಗಿಲು. ಆದರೆ ಅದರ ಮೇಲೆ ನಿಂತರೆ ಕಾಣುವ ಹಸಿರು ಯಾವ ರಾಜನ ಕಾಲದ್ದೂ ಅಲ್ಲ. ಗುಡ್ಡದ ನೆತ್ತಿಯೆಲ್ಲ ಹುಲ್ಲು, ಗುಡ್ಡದ ಮಡಿಲಲ್ಲಿ ಮಾತ್ರ ಕಪ್ಪಗೆ ಒತ್ತಾದ ಶೋಲಾ ಕಾಡು. ಹುಲ್ಲು ಮಳೆಯನ್ನು ಹಿಡಿದು ನಿಧಾನಕ್ಕೆ ಇಳಿಸುತ್ತದೆ, ಶೋಲಾ ಅದನ್ನು ಬೇಸಿಗೆಯವರೆಗೆ ಕಾಪಿಟ್ಟು ಹಳ್ಳಕ್ಕೆ ಬಿಡುತ್ತದೆ.

ಕೋಟೆಯಿಂದ ಮುಂದೆ ಬಂಡಾಜೆ ಅರ್ಬಿಯ ಕಡೆ ಹೊರಟೆವು. ಹುಲ್ಲುಗಾವಲಿನಲ್ಲಿ ದಾರಿ ಇಲ್ಲ ಎಂಬುದು ಕಷ್ಟವಲ್ಲ, ದಾರಿಗಳು ತೀರಾ ಹೆಚ್ಚು ಎಂಬುದೇ ಕಷ್ಟ. ಒಂದು ಎರಡಾಗುತ್ತದೆ, ಎರಡು ಐದಾಗುತ್ತದೆ. ಎಲ್ಲವೂ ದನ ತುಳಿದದ್ದು, ದನಕ್ಕೆ ಜಲಪಾತ ನೋಡುವ ಆಸೆ ಇರುವುದಿಲ್ಲ. ಒಂದು ಗಂಟೆಯ ಹೊತ್ತಿಗೆ ಪಶ್ಚಿಮದಿಂದ ಮಂಜು ಎದ್ದಿತು. ಮೇಲಿಂದ ಇಳಿಯಲಿಲ್ಲ, ಕೆಳಗಿನಿಂದ ಹಾಲು ಉಕ್ಕಿದ ಹಾಗೆ ಬಂತು. ಹತ್ತು ಅಡಿ ಮುಂದಿದ್ದ ಹುಡುಗ ಮಾಯವಾದ. ಕೂಗಿ ಕರೆದು ಮೂವರೂ ಒಟ್ಟಿಗೆ ನಿಂತೆವು.

ಆಗ ನನಗೆ ನನ್ನ ಅಪ್ಪನ ಮಾತು ನೆನಪಾಯಿತು. ದಾರಿ ತಪ್ಪಿದರೆ ಹಳ್ಳ ಹಿಡಿದು ನಡಿ, ಹಳ್ಳದ ದಂಡೆಗೆ ಊರು ಇದ್ದೇ ಇರುತ್ತದೆ. ನಮ್ಮ ಸೀಮೆಗೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಅಲ್ಲೇ ಸಣ್ಣ ತೊರೆಯೊಂದು ಹರಿಯುತ್ತಿತ್ತು. “ಇದನ್ನೇ ಹಿಡಿಯೋಣ” ಎಂದೆ. ಕ್ಯಾಷಿಯರ್ ಒಮ್ಮೆ ಅನುಮಾನಿಸಿದರು, ನಾನು ಒತ್ತಾಯಿಸಿದೆ. ತೊರೆ ಅಗಲವಾಯಿತು, ಬಂಡೆಗಳು ಬಂದವು. ನಾನು ಮುಂದೆ, ಧೈರ್ಯ ಹೇಳುತ್ತ. ಎಲ್ಲೋ ಲಾರಿ ಹತ್ತುತ್ತಿರುವಂಥ ಸದ್ದು ಕೇಳಿ, “ನೋಡಿ, ರಸ್ತೆ ಹತ್ತಿರ ಬಂತು” ಎಂದೆ. ಹುಡುಗ ನಿಂತುಬಿಟ್ಟ.

“ಅಂಕಲ್, ಸದ್ದು ಮುಂದೆ ಇಲ್ಲ. ಕೆಳಗಿದೆ.”

ಅವನ ಮಾತಿಗೆ ಯಾಕೆ ನಿಂತೆನೋ ಗೊತ್ತಿಲ್ಲ. ಬಹುಶಃ ದಣಿದಿದ್ದೆ. ನಿಂತಾಗ ಮುಖಕ್ಕೆ ಗಾಳಿ ಬಡಿಯಿತು. ಕೆಳಗಿನಿಂದ ಮೇಲಕ್ಕೆ ಬೀಸುವ ಗಾಳಿ, ಅದರಲ್ಲಿ ನೀರ ಹನಿ. ಮಳೆ ತಲೆಕೆಳಗಾಗಿ ಬೀಳುತ್ತಿತ್ತು. ಅರೆನಿಮಿಷ ಮಂಜು ಸರಿಯಿತು. ಇಪ್ಪತ್ತು ಹೆಜ್ಜೆ ಮುಂದೆ ತೊರೆ ಮುಗಿದಿತ್ತು. ಅದರಾಚೆ, ಬಹಳ ಬಹಳ ಕೆಳಗೆ, ಬೆಳ್ತಂಗಡಿ ಸೀಮೆಯ ಅಡಿಕೆ ತೋಟಗಳು ಹುಲ್ಲಿನ ಕಡ್ಡಿಗಳಂತೆ ಕಂಡವು. ಆ ಹೊತ್ತಿಗೆ ನಾನು ಬಂಡಾಜೆಯನ್ನು ಹುಡುಕುತ್ತಿರಲಿಲ್ಲ, ಅದೇ ನನಗೆ ಸಿಕ್ಕಿತ್ತು. ಸುಮಾರು 200 ಅಡಿ ಜಿಗಿತ. ಅರ್ಬಿ ಎಂದರೆ ತುಳುವಿನಲ್ಲಿ ಜಲಪಾತ ಎಂದು ಗೊತ್ತಿತ್ತು, ನಾವು ನಡೆಯುತ್ತಿದ್ದದ್ದು ಅದರ ತಲೆಯ ಮೇಲೆ ಎಂದು ಗೊತ್ತಿರಲಿಲ್ಲ.

ಮೂವರೂ ಅಲ್ಲೇ ಕುಳಿತೆವು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಆಮೇಲೆ ಬಂದ ತೊರೆಯನ್ನೇ ಹಿಡಿದು ಮೇಲಕ್ಕೆ ಹೋಗಿ, ಮಂಜಿನಲ್ಲಿ ಕಾದೆವು. ನಾಲ್ಕರ ಸುಮಾರಿಗೆ ಎಲ್ಲಿಂದಲೋ ಗಂಟೆಯ ಸದ್ದು. ಏಳೆಂಟು ದನಗಳು ಸಾಲಾಗಿ, ನಮ್ಮ ಕಡೆ ಕಣ್ಣೆತ್ತಿಯೂ ನೋಡದೆ ನಡೆದುಹೋದವು. ಈ ಸಲ ಹುಡುಗನೇ ಹೇಳಿದ, ಸಂಜೆಯ ದನ ಮನೆಗೇ ಹೋಗುತ್ತದೆ ಅಲ್ಲವಾ ಎಂದು. ಅವುಗಳ ಬಾಲ ಹಿಡಿದು ಕತ್ತಲಾಗುವ ಹೊತ್ತಿಗೆ ದುರ್ಗದಹಳ್ಳಿಯ ಒಂದು ಕೊಟ್ಟಿಗೆಗೆ ಬಂದೆವು. ದನಗಳು ಒಳಗೆ ಹೋದವು, ನಾವು ಹೊರಗೆ ನಿಂತೆವು. ಮನೆಯವರು ಕಂಬಳಿ ಕೊಟ್ಟು ಕಾಫಿ ಕಾಸಿದರು.

ಆಮೇಲೆ ನಕ್ಷೆ ಬಿಡಿಸಿ ನೋಡಿದಾಗ ಅಪ್ಪನ ಮಾತು ಅಲ್ಲಿ ಯಾಕೆ ಕೆಟ್ಟಿತು ಎಂದು ಹೊಳೆಯಿತು. ಆ ಗುಡ್ಡದ ಏಣು ನೀರಿನ ಮನೆ ಪಾಲು ಮಾಡುವ ಗೋಡೆ. ಪೂರ್ವಕ್ಕೆ ಬಿದ್ದ ಹನಿ ಜಾವಳಿಯ ಹತ್ತಿರ ಹೇಮಾವತಿಯಾಗಿ, ಕಾವೇರಿ ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ದಾರಿಯುದ್ದಕ್ಕೂ ಊರು, ಗದ್ದೆ, ಅವಸರವಿಲ್ಲ. ಪಶ್ಚಿಮಕ್ಕೆ ಬಿದ್ದ ಹನಿಗೆ ಸಮುದ್ರ ಹತ್ತಿರ, ಅದು ಹಾರಿ ನೇತ್ರಾವತಿಗೆ ಬೀಳುತ್ತದೆ. ನಾನು ಹಿಡಿದದ್ದು ಅವಸರದ ನೀರು. ಆ ಹುಡುಗ ಈಗ ಇಂಜಿನಿಯರ್. ಮದುವೆಗೆ ಕರೆಯಲು ಬಂದಾಗಲೂ ‘ಅಂಕಲ್, ಹಳ್ಳ ಹಿಡಿಯೋಣವಾ?’ ಎಂದು ಕೇಳಿದ. ಕ್ಯಾಷಿಯರ್ ತಂಗಿಗೆ ನಾವು ಯಾರೂ ಇದನ್ನು ಹೇಳಿಲ್ಲ.

6. ಕೋತಿಗೆ ಬಿಸ್ಕತ್ತು ಕೊಡಬೇಡಿ.

ನಾನು ಕೊಟ್ಟಿದ್ದೇನೆ, ಘಾಟಿಯ ತಡೆಗೋಡೆಯೊಂದರ ಹತ್ತಿರ. ಮಗಳು ನಗಲಿ ಎಂದು. ಅದೇ ತಡೆಗೋಡೆಯ ಹತ್ತಿರ ಎರಡು ವಾರ ಬಿಟ್ಟು ಒಂದು ಮರಿ ಗಾಡಿಯ ಅಡಿಗೆ ಬಿದ್ದಿತ್ತು. ತಾಯಿ ಪಕ್ಕದಲ್ಲೇ ಕುಳಿತಿತ್ತು. ಮರಿ ನನ್ನ ಬಿಸ್ಕತ್ತಿಗಾಗಿಯೇ ರಸ್ತೆಗೆ ಬಂದದ್ದು ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

7. ಗೇಟಿನಲ್ಲಿ ತಡೆದವರ ಜೊತೆ ವಾದ ಮಾಡಬೇಡಿ.

ಬಂಡಾಜೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಗೆ ಬರುತ್ತದೆ, ಅನುಮತಿ ಬೇಕು. ಒಮ್ಮೆ ಮಾರ್ಚ್‌ನಲ್ಲಿ ಕೆಳಗಿನ ದಾರಿಯಿಂದ ಹತ್ತಲು ಚೀಟಿಯಿಲ್ಲದೆ ಹೋದೆ. ಕಾವಲಿನವರು ತಡೆದರು. ನಾನು ತೆರಿಗೆ ಕಟ್ಟುವವನು, ಹದಿನೈದು ಸಲ ಬಂದವನು (ಸುಳ್ಳು, ಆರು ಸಲ), ಕಾಡು ಪ್ರೀತಿಸುವವನು ಎಂದೆಲ್ಲ ಭಾಷಣ ಬಿಗಿದೆ. ಅವರು ಮಾತಾಡದೆ ಎದುರಿನ ಗುಡ್ಡಕ್ಕೆ ಬೆರಳು ತೋರಿಸಿದರು. ಅರ್ಧ ಗುಡ್ಡ ಕರ್ರಗಿತ್ತು. ಹಿಂದಿನ ವಾರ ಬೆಂಕಿ ಬಿದ್ದಿತ್ತು, ಅವರು ಎರಡು ರಾತ್ರಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಬಡಿದು ಆರಿಸಿದ್ದರು. ಅಂಗೈ ನೋಡಿದೆ, ಬೊಬ್ಬೆ ಎದ್ದಿತ್ತು. ಬೇಸಿಗೆಯಲ್ಲಿ ಆ ಹುಲ್ಲಿಗೆ ಒಂದು ಬೀಡಿ ತುಂಡು ಸಾಕು.

2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ಹರಿದಾಡಿದವು, ಆಮೇಲೆ ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನೇ ಸರ್ಕಾರ ನಿಲ್ಲಿಸಿತು. ನನ್ನ ಗೆಳೆಯರು ಸಿಟ್ಟಾದರು. ನಾನು ಸುಮ್ಮನಿದ್ದೆ. ಆ ಬೊಬ್ಬೆಗಳನ್ನು ನೋಡಿದ ಮೇಲೆ ಈಗ ಮೊದಲು ಚೀಟಿ, ಆಮೇಲೆ ಬೂಟು.

8. ಈ ರಸ್ತೆಯ ನಿಜವಾದ ನಡಿಗೆಯವರ ಹಿಂದೆ ಒಮ್ಮೆ ನಡೆಯಿರಿ.

ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಘಾಟಿ ಬೇರೆಯೇ ಆಗುತ್ತದೆ. ಬೆಂಗಳೂರು, ತುಮಕೂರು, ಮಂಡ್ಯ, ಹಾಸನದ ಕಡೆಗಳಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರ ಸಾಲು ಹಗಲೂ ರಾತ್ರಿ ಇಳಿಯುತ್ತಿರುತ್ತದೆ. ನಾನು ಇವರನ್ನು ವರ್ಷಗಟ್ಟಲೆ ಕಾರಿನ ಗಾಜಿನಿಂದ ನೋಡಿ, ಟ್ರಾಫಿಕ್ ಎಂದು ಗೊಣಗಿದ್ದೆ. ಒಂದು ವರ್ಷ ಕೊಟ್ಟಿಗೆಹಾರದಿಂದ ನಾನೂ ಸೇರಿಕೊಂಡೆ, ಭಕ್ತಿಗಿಂತ ಹೆಚ್ಚಾಗಿ ಹೊಸ ಬೂಟು ಪರೀಕ್ಷಿಸಲು.

ಇಳಿಜಾರು ಸುಲಭ ಎಂದುಕೊಂಡಿದ್ದೆ. ಇಳಿಯುವಾಗ ಎದೆಗೆ ಕೆಲಸವಿಲ್ಲ ನಿಜ, ಆದರೆ ಮೈಭಾರವನ್ನೆಲ್ಲ ಮಂಡಿ ತಡೆಯಬೇಕು, ಕಾಲ್ಬೆರಳು ಹೋಗಿ ಹೋಗಿ ಬೂಟಿನ ಮೂತಿಗೆ ಗುದ್ದುತ್ತದೆ. ಅಣ್ಣಪ್ಪನ ಗುಡಿ ಬರುವಷ್ಟರಲ್ಲಿ ಎರಡು ಉಗುರು ನೀಲಿ. ಮೋಟುಗೋಡೆಯ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಾಗ ಎಪ್ಪತ್ತರ ಅಜ್ಜಿಯೊಬ್ಬರು ಪಕ್ಕದಲ್ಲಿ ಕುಳಿತರು. ಕಾಲಲ್ಲಿ ಹವಾಯಿ ಚಪ್ಪಲಿ, ಹಿಮ್ಮಡಿಗೆ ಹಳೆ ಸೀರೆಯ ಅಂಚು ಸುತ್ತಿದ್ದರು. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಿಂದ ಬಂದಿದ್ದರಂತೆ.

“ಎಷ್ಟನೇ ಸಲ ಅಜ್ಜಿ?”

“ಎಣಿಸಕ್ಕೋಗಿಲ್ಲ ಕಣಪ್ಪ. ನೀನು ಎಲ್ಲಿಂದ ನಡ್ದೆ?”

ಕೊಟ್ಟಿಗೆಹಾರದಿಂದ ಎನ್ನಲು ನಾಲಗೆ ಏಳಲಿಲ್ಲ. ಮೂಡಿಗೆರೆ ಎಂದೆ. ಅಜ್ಜಿ “ಪಾಪ” ಎಂದು ತಮ್ಮ ಗಂಟಿನಿಂದ ಹರಳೆಣ್ಣೆ ಶೀಶೆ ತೆಗೆದು ಕೊಟ್ಟರು. ಬಲಕ್ಕೆ ಪ್ರಪಾತ, ಎಡಕ್ಕೆ ಬಂಡೆ. ಬಂಡೆಯ ಸಂದಿಯಲ್ಲಿ ಮಾರ್ಚ್‌ನಲ್ಲೂ ನೀರು ಒಸರುತ್ತಿತ್ತು. ಅಷ್ಟು ವರ್ಷ ಕಾರಿನಲ್ಲಿ ಓಡಾಡಿದರೂ ಆ ಒಸರನ್ನು ನಾನು ನೋಡಿಯೇ ಇರಲಿಲ್ಲ. ಅಜ್ಜಿ ಅಲ್ಲಿ ಬಾಟಲಿ ತುಂಬಿಕೊಂಡು, ತಮ್ಮ ಗುಂಪಿನ ಹಿಂದೆ ಹೊರಟರು. ಸಂಜೆ ಚಾರ್ಮಾಡಿಯಲ್ಲಿ ನಾನು ಬಸ್ ಹತ್ತಿದೆ.

9. ಹಳ್ಳದ ನೀರಿನ ಬಣ್ಣ ನೋಡಿ. ನೋಡಲು ಬರದಿದ್ದರೆ ನೋಡಬಲ್ಲವರನ್ನು ಕೇಳಿ.

2019ರ ಆಗಸ್ಟ್. ಅಷ್ಟು ಹೊತ್ತಿಗೆ ನನಗೆ ಹಾಸನಕ್ಕೆ ವರ್ಗವಾಗಿತ್ತು. ದಾವಣಗೆರೆಯಿಂದ ಬಂದ ಭಾವ ಮತ್ತು ಅವರ ಮಕ್ಕಳಿಗೆ ಮಳೆಗಾಲದ ಘಾಟಿ ತೋರಿಸುತ್ತೇನೆ ಎಂದು ಹೊರಡಿಸಿದೆ. ಮೂರು ದಿನದಿಂದ ಮಳೆ ಹಿಡಿದಿತ್ತು. “ನಾನು ಈ ರಸ್ತೆಯನ್ನು ಕಣ್ಣು ಮುಚ್ಚಿ ಓಡಿಸಬಲ್ಲೆ” ಎಂದು ಭಾವನಿಗೆ ಹೇಳಿದ್ದು ನೆನಪಿದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತೆವು. ಆ ಊರಿನ ನೀರುದೋಸೆ ತಿನ್ನದೆ ಘಾಟಿ ಇಳಿಯುವವರು ಕಡಿಮೆ. ಹೋಟೆಲಿನವರಿಗೆ ನನ್ನ ಪರಿಚಯ ಹಳೆಯದು.

“ಎಲ್ಲಿಗೆ ಹೊರಟ್ರಿ?”

“ಕೆಳಗೆ, ಘಾಟಿಯ ಮಲಯಮಾರುತದ ಹತ್ತಿರ ನಿಂತು, ಹಾಗೇ ಉಜಿರೆಗೆ.”

“ಬೇಡ. ಹಿಂದಿನ ಹಳ್ಳ ಬೆಳಿಗ್ಗೆ ಕೆಂಪಾಗಿತ್ತು. ಈಗ ಕಮ್ಮಿಯಾಗಿದೆ.”

“ಕಮ್ಮಿಯಾದ್ರೆ ಒಳ್ಳೇದಲ್ವಾ?”

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಮಳೆ ಸುರಿಯುತ್ತಿರುವಾಗ ಹಳ್ಳದ ನೀರು ಯಾಕೆ ಕಮ್ಮಿಯಾಗುತ್ತದೆ ಎಂದು ಯೋಚಿಸುವ ಬುದ್ಧಿ ನನಗೆ ಬಂದಿರಲಿಲ್ಲ. ಮೇಲೆಲ್ಲೋ ಮಣ್ಣು ಜಾರಿ ನೀರಿಗೆ ಅಡ್ಡ ನಿಂತಿದೆ ಎಂದು ಅದರ ಅರ್ಥ. ಆ ಅಡ್ಡ ಯಾವಾಗ ಒಡೆಯುತ್ತದೋ ಯಾರೂ ಹೇಳಲಾರರು. ನಾನು ಆಗಲೂ ಹೋಗೋಣ ಎಂದೇ ಅಂದೆ. ಭಾವನ ಮುಂದೆ ಮರ್ಯಾದೆಯ ಪ್ರಶ್ನೆ. ತಿರುಗಿಸಿದ್ದು ಹೆಂಡತಿ. ಕಾರಿನ ಕೀಲಿ ತೆಗೆದು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು, ಇನ್ನೆರಡು ದೋಸೆ ಹೇಳಿದಳು.

ಆ ಮಳೆಯಲ್ಲಿ ಘಾಟಿ ಹಲವು ಕಡೆ ಕುಸಿಯಿತು. ರಸ್ತೆಯ ಮೇಲೆ ಗುಡ್ಡ ಬಂತು, ಕೆಲವು ಕಡೆ ರಸ್ತೆಯೇ ಕೆಳಗೆ ಹೋಯಿತು. ಸಂಚಾರ ನಿಂತಿತು, ಸಣ್ಣ ಗಾಡಿಗಳಿಗೆ ಬಿಟ್ಟ ಮೇಲೂ ಭಾರಿ ವಾಹನಗಳು ಬಹಳ ಕಾಲ ಸುತ್ತು ದಾರಿ ಹಿಡಿದವು. ಮೂಡಿಗೆರೆ ತಾಲೂಕಿನ ಮಲೆಮನೆಯಂಥ ಊರುಗಳಲ್ಲಿ ಮನೆಗಳೇ ಹೋದವು. ನನಗೆ ಘಾಟಿ ರಜೆಯ ದಿನದ ಚಂದ. ಅಲ್ಲಿಯವರು ಆ ಗುಡ್ಡದ ಕೆಳಗೆ ಅಡುಗೆ ಮಾಡಿಕೊಂಡು ಮಲಗುತ್ತಾರೆ. ಗುಡ್ಡದ ಬುಡ ಕಡಿದು ರಸ್ತೆ ಮಾಡಿದ್ದೇವೆ, ಬಂಡೆಯ ಮೇಲೆ ಮಣ್ಣು ಕೂತಿದೆ, ನೀರು ಇಳಿಯಬೇಕಾದ ಚರಂಡಿ ಕಟ್ಟಿಕೊಂಡರೆ ಅದು ಮಣ್ಣಿನೊಳಗೆ ಇಳಿದು ಬಂಡೆಯನ್ನು ಜಾರುಬಂಡೆ ಮಾಡುತ್ತದೆ. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದೆ. ಹೋಟೆಲಿನವರು ಓದಿರಲಿಲ್ಲ, ಹಿತ್ತಿಲಿಗೆ ಹೋಗಿ ನೋಡಿದ್ದರು.

ಮರುವರ್ಷ ರಸ್ತೆ ತೆರೆದ ಮೇಲೆ ಹೋದೆ. ಹಸಿರಿನ ನಡುವೆ ಕೆಂಪು ಗೀರುಗಳು, ಹೊಸ ತಡೆಗೋಡೆ, ಕೆಲವು ಕಡೆ ನಾನು ಗುರುತಿಟ್ಟುಕೊಂಡ ಮರಗಳೇ ಇಲ್ಲ. ಕಣ್ಣು ಮುಚ್ಚಿ ಓಡಿಸಬಲ್ಲೆ ಎಂದಿದ್ದ ರಸ್ತೆಯಲ್ಲಿ ಮೊದಲ ಸಲ ಬಂದವನ ಹಾಗೆ ಎರಡನೇ ಗೇರಿನಲ್ಲಿ ಇಳಿದೆ.

ಈಗ ನಿವೃತ್ತಿಯಾಗಿದೆ, ಮಂಡಿ ನೋವಿದೆ. ಬಂಡಾಜೆಯ ತಲೆಯ ಮೇಲಿನಿಂದ ಸೂರ್ಯ ಮುಳುಗುವುದನ್ನು ನೋಡಬೇಕೆಂಬ ಆಸೆ ಮಾತ್ರ ಹಾಗೇ ಉಳಿದಿದೆ. ಮೂರು ಸಲ ಹೊರಟೆ. ಒಮ್ಮೆ ಮಂಜು, ಒಮ್ಮೆ ಚೀಟಿ ಸಿಗಲಿಲ್ಲ. ಕಳೆದ ನವೆಂಬರ್‌ನಲ್ಲಿ ಚೀಟಿಯೂ ಇತ್ತು, ಆಕಾಶವೂ ತಿಳಿಯಾಗಿತ್ತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ಇವತ್ತು ಮೇಲೆ ಹ್ಯಾಗಿರುತ್ತೆ ಎಂದು ಕೇಳಿದೆ. ಹೋಟೆಲಿನವರು ಕಾವಲಿ ಮೇಲೆ ಹಿಟ್ಟು ಸುರಿದು, ಮುಚ್ಚಳ ಹಾಕಿ, ಹೆಗಲ ಮೇಲಿನ ಟವಲಿಗೆ ಕೈ ಒರೆಸುತ್ತ ಹಿತ್ತಿಲ ಬಾಗಿಲಿಗೆ ಹೋದರು. ಪಶ್ಚಿಮದ ಕಡೆ ನೋಡಿ ಒಳಗೆ ಬಂದರು.

“ಕೂತ್ಕೊಳ್ಳಿ. ಇನ್ನೆರಡು ಹಾಕ್ತೀನಿ.”

ಕೂತೆ.